ಪಾಲ್ ಅಂದ್ರೆ ವಾಲ್ಟರ್ ಬ್ರುಖ್

ಅಮೆರಿಕದಲ್ಲಿರೋ ಮಗನಿಗೋ ಮಗಳಿಗೋ ಮದುವೆ ಡಿವಿಡಿ ಕಳಿಸಿ, ಅಲ್ಲಿ ಅದು ಓಡದೆ ಬೇಜಾರಾದ ಮನೆಗಳು ಕರ್ನಾಟಕದಲ್ಲಿ ಎಷ್ಟಿವೆಯೋ ಲೆಕ್ಕ ಇಟ್ಟವರಿಲ್ಲ. ಇಲ್ಲಿ ಎಲ್ಲಾ ಪ್ಲೇಯರ್‌ನಲ್ಲೂ ಓಡಿದ ಡಿಸ್ಕ್ ಅಲ್ಲಿಯ ಪ್ಲೇಯರ್‌ಗೆ ಹಾಕಿದ್ರೆ ಚಿತ್ರ ಮೇಲಕ್ಕೂ ಕೆಳಕ್ಕೂ ಉರುಳುತ್ತೆ, ಇಲ್ಲವೇ ಕಪ್ಪು ಬಿಳುಪಾಗಿ ಬರುತ್ತೆ, ಇಲ್ಲವೇ ಏನೂ ಬರಲ್ಲ. ಫೋಟೋ ಸ್ಟುಡಿಯೋದವರು ಕಾರಣ ಒಂದೇ ಸಾಲಲ್ಲಿ ಹೇಳಿ ಮುಗಿಸ್ತಿದ್ರು: ನಮ್ಮದು ಪಾಲ್, ಅವರದು ಎನ್‌ಟಿಎಸ್‌ಸಿ, ಕನ್ವರ್ಟ್ ಮಾಡಿಸ್ಬೇಕು.

ಎನ್‌ಟಿಎಸ್‌ಸಿ ಅನ್ನೋದು ಅಮೆರಿಕದ ಒಂದು ಸಮಿತಿಯ ಹೆಸರು. ಸಮಿತಿಗೆ ಮುಖ ಇರಲ್ಲ. ಆದರೆ ಪಾಲ್‌ಗೆ ಒಂದು ಮುಖ ಇದೆ. ಕನ್ನಡಕ ಹಾಕಿದ, ಸೂಟು ತೊಟ್ಟ ಒಬ್ಬ ಜರ್ಮನ್ ಎಂಜಿನಿಯರ್‌ದು. ಹೆಸರು ವಾಲ್ಟರ್ ಬ್ರುಖ್. ನಮ್ಮ ಸಿಲೆಬಸ್ಸಿನಲ್ಲಿ ಆತನ ಹೆಸರು ಬರಲ್ಲ, ಆತ ಮಾಡಿದ ಗಣಿತ ಮಾತ್ರ ಬೇರೆ ವೇಷದಲ್ಲಿ ಬರುತ್ತೆ. ಈ ಸಲ ನಾವು ಆ ಮನುಷ್ಯನ ಕಥೆ ಬರೆಯೋಣ ಅಂತ ಕೂತಿದ್ದೀವಿ. ತಮಾಷೆ ಏನಂದ್ರೆ, ಮದುವೆ ಡಿಸ್ಕ್ ಓಡದೆ ಇರೋದಕ್ಕೂ ಬ್ರುಖ್‌ಗೂ ಸಂಬಂಧ ಬಹಳ ಕಡಿಮೆ. ಅದು ಯಾಕೆ ಅಂತ ಮುಂದೆ ಬರುತ್ತೆ.

ಬ್ರುಖ್ ಹುಟ್ಟಿದ್ದು 1908ರ ಮಾರ್ಚ್ 2ರಂದು, ಜರ್ಮನಿಯ ನೈಋತ್ಯ ಭಾಗದ ನಾಯ್‌ಸ್ಟಾಟ್ ಅನ್ನೋ ಊರಲ್ಲಿ. ಸುತ್ತ ದ್ರಾಕ್ಷಿ ತೋಟ, ವೈನ್ ಮಾಡುವ ಸೀಮೆ. ಆತ ಓದಿದ್ದು ದೊಡ್ಡ ಯೂನಿವರ್ಸಿಟಿಯಲ್ಲಲ್ಲ. ಸ್ಯಾಕ್ಸನಿ ಪ್ರಾಂತದ ಮಿಟ್‌ವೈಡಾ ಅನ್ನೋ ಸಣ್ಣ ಊರಿನ ಎಂಜಿನಿಯರಿಂಗ್ ಶಾಲೆಯಲ್ಲಿ. ನಮ್ಮಲ್ಲಿ ಪಾಲಿಟೆಕ್ನಿಕ್ ಅಂತೀವಲ್ಲ, ಹೆಚ್ಚು ಕಡಿಮೆ ಆ ತರದ್ದು, ಆದರೆ ಹೆಸರುವಾಸಿ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನಮ್ಮ ಕ್ಲಾಸಿಗೆ ಬಂದ ಗೆಳೆಯರು ಇದನ್ನ ಓದಿ ಸ್ವಲ್ಪ ಎದೆ ಉಬ್ಬಿಸಿಕೊಳ್ಳಬಹುದು.

ಆತನಿಗೆ ಇಪ್ಪತ್ತು ವರ್ಷ ಆದಾಗ, ಅಂದ್ರೆ 1928ರಲ್ಲಿ, ಟಿವಿ ಅನ್ನೋದು ಇನ್ನೂ ಒಂದು ಜಾತ್ರೆಯ ಆಟಿಕೆ. ಆ ವರ್ಷ ಬರ್ಲಿನ್‌ನ ರೇಡಿಯೋ ಪ್ರದರ್ಶನದಲ್ಲಿ ಹಂಗೇರಿಯ ದೇನೆಶ್ ಫಾನ್ ಮಿಹಾಯ್ ಒಂದು ಯಂತ್ರ ಇಟ್ಟಿದ್ರು. ತೂತು ಕೊರೆದ ತಟ್ಟೆ ಗಿರಗಿರ ತಿರುಗುತ್ತೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಜಾಗದಲ್ಲಿ 30 ಸಾಲಿನ ಮಬ್ಬು ಚಿತ್ರ ಮೂಡುತ್ತೆ. ಅಷ್ಟೇ. ಮುಂದೆ ಬ್ರುಖ್ ಇದೇ ಮಿಹಾಯ್ ಹತ್ರ ಕೆಲಸ ಮಾಡಿದರು, ಆಮೇಲೆ ಮಾನ್‌ಫ್ರೆಡ್ ಫಾನ್ ಆರ್ಡೆನ್ ಲ್ಯಾಬಿನ ಜೊತೆಗೂ. ತಿರುಗುವ ತಟ್ಟೆಯಿಂದ ಎಲೆಕ್ಟ್ರಾನ್ ಕಿರಣಕ್ಕೆ ಟಿವಿ ಜಿಗಿದ ಆ ಐದಾರು ವರ್ಷ ಎರಡೂ ಕಡೆಯವರ ಜೊತೆ ಕೈ ಮಸಿ ಮಾಡಿಕೊಂಡ ಹುಡುಗ ಆತ. 1935ರಲ್ಲಿ ಟೆಲಿಫುಂಕನ್ ಕಂಪನಿಯ ಟಿವಿ ವಿಭಾಗ ಸೇರಿದರು. ಅಲ್ಲಿ ಮುಖ್ಯಸ್ಥರು ಫ್ರಿಟ್ಸ್ ಶ್ರೋಟರ್.

ಸೇರಿದ ಮರುವರ್ಷವೇ ಬರ್ಲಿನ್ ಒಲಿಂಪಿಕ್ಸ್. 1936ರ ಆಗಸ್ಟ್. ಹಿಟ್ಲರ್ ಸರ್ಕಾರಕ್ಕೆ ಜಗತ್ತಿಗೆ ತೋರಿಸಿಕೊಳ್ಳುವ ಹಬ್ಬ. ಮೈದಾನದಲ್ಲಿ ಟೆಲಿಫುಂಕನ್‌ನವರು ಇಟ್ಟಿದ್ದ ಟಿವಿ ಕ್ಯಾಮೆರಾ ಎರಡು ಮೀಟರ್‌ಗಿಂತ ಉದ್ದ ಇತ್ತು. ನೋಡೋಕೆ ಥೇಟ್ ಫಿರಂಗಿ. ಜನ ಅದನ್ನ ಹಾಗೇ ಕರೆದರು ಕೂಡ. ಅದರ ಹಿಂದೆ ನಿಂತು ಕ್ಯಾಮೆರಾ ನಡೆಸಿದವರಲ್ಲಿ 28 ವರ್ಷದ ಬ್ರುಖ್ ಒಬ್ಬರು. ಆಗಿನ ಫೋಟೋಗಳಲ್ಲಿ ಆ ದೈತ್ಯ ಲೆನ್ಸ್ ಪಕ್ಕ ಅವರು ನಿಂತಿರೋದು ಕಾಣುತ್ತೆ. ಚಿತ್ರ 180 ಸಾಲಿನದು. ಬರ್ಲಿನ್‌ನಲ್ಲಿ ಅಲ್ಲಲ್ಲಿ ಸಾರ್ವಜನಿಕ ಟಿವಿ ಕೋಣೆಗಳನ್ನ ತೆರೆದಿದ್ದರು, ಜನ ಅಲ್ಲಿ ಹೋಗಿ ಕೂತು ಓಟ, ಜಿಗಿತ ನೋಡಿದರು. ನಮ್ಮ ಹಳ್ಳಿಗಳಲ್ಲಿ ಪಂಚಾಯಿತಿ ಕಟ್ಟೆಯ ಟಿವಿ ಮುಂದೆ ರಾಮಾಯಣ ನೋಡಿದ ಅಜ್ಜ ಅಜ್ಜಿಯರಿಗೆ ಈ ದೃಶ್ಯ ವಿವರಿಸೋದೇ ಬೇಡ.

ಇಲ್ಲಿಂದ ಮುಂದಿನ ಭಾಗವನ್ನ ಬಹಳಷ್ಟು ಕಡೆ ಒಂದು ಸಾಲಲ್ಲಿ ಹಾರಿಸಿಬಿಡ್ತಾರೆ. ನಮಗೆ ಹಾರಿಸೋಕೆ ಮನಸ್ಸಾಗಲಿಲ್ಲ.

ಯುದ್ಧ ಶುರುವಾದ ಮೇಲೆ ಬ್ರುಖ್ ಪೇನೆಮ್ಯುಂಡೆಗೆ ಕೆಲಸ ಮಾಡಿದರು. ಬಾಲ್ಟಿಕ್ ಸಮುದ್ರದ ದಡದ ಆ ಜಾಗದಲ್ಲಿ ಜರ್ಮನ್ ಸೇನೆ ವಿ-2 ರಾಕೆಟ್ ಪರೀಕ್ಷೆ ಮಾಡ್ತಿತ್ತು. ರಾಕೆಟ್ ಹಾರುವಾಗ ಹತ್ತಿರ ನಿಂತು ನೋಡೋ ಹಾಗಿಲ್ಲ, ಎಷ್ಟೋ ರಾಕೆಟ್‌ಗಳು ನಿಂತಲ್ಲೇ ಸಿಡಿಯುತ್ತಿದ್ದವು. ಅದಕ್ಕೆ 1942ರಲ್ಲಿ ಒಂದು ಉಪಾಯ ಮಾಡಿದರು. ಉಡಾವಣೆ ಜಾಗದ ಹತ್ರ ಟಿವಿ ಕ್ಯಾಮೆರಾ, ದೂರದ ಸುರಕ್ಷಿತ ಕೋಣೆಯಲ್ಲಿ ಪರದೆ, ನಡುವೆ ಕೇಬಲ್. ಆ ವ್ಯವಸ್ಥೆಯನ್ನ ವಿನ್ಯಾಸ ಮಾಡಿ ಕೂರಿಸಿದವರು ಬ್ರುಖ್. ಪ್ರಪಂಚದ ಮೊದಲ ಸಿಸಿಟಿವಿ ಅಂತ ಇದನ್ನೇ ಹೇಳ್ತಾರೆ. ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ಕೆಂಪು ದೀಪ ಮಿಣುಕಿಸುವ ಕ್ಯಾಮೆರಾದ ಮುತ್ತಜ್ಜ ಅದು.

ವಿ-2 ಲಂಡನ್, ಆಂಟ್‌ವರ್ಪ್ ಊರುಗಳ ಮೇಲೆ ಬಿದ್ದು ಸಾವಿರಾರು ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಸತ್ತದ್ದು ಅದನ್ನ ತಯಾರಿಸುವಾಗ. ಡೋರಾ ಅನ್ನೋ ಶಿಬಿರದ ಕೈದಿಗಳನ್ನ ಸುರಂಗದೊಳಗೆ ಹಾಕಿ ದುಡಿಸಿದ್ದರು. ಬ್ರುಖ್ ರಾಕೆಟ್ ಮಾಡಲಿಲ್ಲ, ಸುರಂಗ ನಡೆಸಲಿಲ್ಲ, ಕ್ಯಾಮೆರಾ ಇಟ್ಟರು. ಕ್ಯಾಮೆರಾ ಇಟ್ಟವನದ್ದು ಎಷ್ಟು ಪಾಲು ಅಂತ ನಾವು ಕ್ಲಬ್ಬಿನ ರೂಮಿನಲ್ಲಿ ಒಂದು ಸಂಜೆ ಪೂರ್ತಿ ಜಗಳ ಆಡಿದೆವು. ಒಮ್ಮತ ಬರಲಿಲ್ಲ. ಎಂಜಿನಿಯರ್ ತನ್ನ ಕೆಲಸ ಮಾಡಿದ ಅಂತ ಅರ್ಧ ಜನ. ಆ ಕೆಲಸ ಯಾರಿಗೆ ಅಂತ ಗೊತ್ತಿದ್ದೂ ಮಾಡಿದ ಅಂತ ಇನ್ನರ್ಧ. ಎರಡನ್ನೂ ಬರೆದಿದ್ದೀವಿ. ಆದರೆ ಬಣ್ಣದ ಟಿವಿಯ ಪಿತಾಮಹ ಅಂತ ಹಾರ ಹಾಕುವಾಗ ಈ ಪುಟ ಹರಿದು ಬಿಸಾಡೋದು ಮಾತ್ರ ಸರಿಯಲ್ಲ ಅನ್ನೋದರಲ್ಲಿ ಎಲ್ಲರೂ ಒಂದಾಗಿದ್ದೆವು.

ಯುದ್ಧ ಸೋತ ಜರ್ಮನಿ ಇಬ್ಭಾಗ ಆಯ್ತು. ಕೆಲವು ವರ್ಷ ಬರ್ಲಿನ್‌ನಲ್ಲೇ ಇದ್ದ ಬ್ರುಖ್, 1950ರಲ್ಲಿ ಪಶ್ಚಿಮ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಮತ್ತೆ ಟೆಲಿಫುಂಕನ್ ಸೇರಿದರು. ಕಪ್ಪು ಬಿಳುಪು ಟಿವಿ ಸೆಟ್‌ಗಳನ್ನ ವಿನ್ಯಾಸ ಮಾಡ್ತಾ ಹತ್ತು ವರ್ಷ ಕಳೆಯಿತು. ಅದೇ 1950ರಲ್ಲಿ ಯುರೋಪಿನ ಬಹುತೇಕ ದೇಶಗಳು 625 ಸಾಲು, ಸೆಕೆಂಡಿಗೆ 25 ಫ್ರೇಮ್ ಅನ್ನೋ ಕಪ್ಪು ಬಿಳುಪು ಮಾನಕವನ್ನ ಒಪ್ಪಿಕೊಂಡವು. ಸ್ವಿಟ್ಜರ್ಲೆಂಡಿನ ಗರ್ಬರ್ ಅನ್ನೋರ ಹೆಸರಿನಿಂದ ಅದನ್ನ ಕರೀತಿದ್ರು. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಯಾಕಂದ್ರೆ 625ಕ್ಕೂ 25ಕ್ಕೂ ಬ್ರುಖ್ ಕಾರಣ ಅಲ್ಲ. 25 ಬಂದದ್ದು ಗೋಡೆಯ ಪ್ಲಗ್ ಪಾಯಿಂಟಿನಿಂದ. ಯುರೋಪಿನ ಕರೆಂಟ್ 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 50 ಅರ್ಧಚಿತ್ರ, ಅಂದ್ರೆ 50 ಫೀಲ್ಡ್. ಅಮೆರಿಕದ ಕರೆಂಟ್ 60 ಹರ್ಟ್ಸ್, ಆದ್ದರಿಂದ 60 ಫೀಲ್ಡ್, 30 ಫ್ರೇಮ್, ಸಾಲು 525. ಕರೆಂಟಿನ ಲಯಕ್ಕೆ ಚಿತ್ರದ ಲಯ ಹೊಂದದಿದ್ದರೆ ಆಗಿನ ಸೆಟ್‌ಗಳಲ್ಲಿ ಪರದೆ ಮೇಲೆ ಪಟ್ಟೆ ತೆವಳುತ್ತಿತ್ತು. ಭಾರತದ ಕರೆಂಟೂ 50 ಹರ್ಟ್ಸ್. ಹಾಗಾಗಿ ನಾವು ಯಾವ ಕಡೆ ಸೇರಬೇಕು ಅನ್ನೋದು ಹೆಚ್ಚು ಕಡಿಮೆ ಕರೆಂಟ್ ಕಂಬ ನೆಟ್ಟ ದಿನವೇ ತೀರ್ಮಾನ ಆಗಿತ್ತು.

ಈಗ ಬಣ್ಣಕ್ಕೆ ಬರೋಣ. ಅಮೆರಿಕದವರು 1953ರಲ್ಲೇ ಎನ್‌ಟಿಎಸ್‌ಸಿ ಬಣ್ಣದ ಮಾನಕ ತಂದರು. ಅದೊಂದು ಅದ್ಭುತ ಕೆಲಸ, ಅದನ್ನ ಗೇಲಿ ಮಾಡೋರಿಗೆ ಅದರ ಕಷ್ಟ ಗೊತ್ತಿಲ್ಲ. ಷರತ್ತು ಏನಿತ್ತು ಅಂದ್ರೆ, ಜನರ ಮನೆಯಲ್ಲಿ ಆಗಲೇ ಇರೋ ಕಪ್ಪು ಬಿಳುಪು ಸೆಟ್‌ಗಳು ಕೆಲಸ ಮಾಡ್ತಾನೇ ಇರಬೇಕು, ಅದೇ ಚಾನೆಲ್ಲಿನಲ್ಲಿ ಬಣ್ಣವೂ ತೂರಬೇಕು. ಅವರು ಮಾಡಿದ್ದು ನಾವು ಅನಲಾಗ್ ಕಮ್ಯುನಿಕೇಷನ್‌ನಲ್ಲಿ ಉರು ಹೊಡೆಯುವ ಕ್ವಾಡ್ರೇಚರ್ ಮಾಡ್ಯುಲೇಷನ್. ಬಣ್ಣದ ಎರಡು ಸಿಗ್ನಲ್‌ಗಳನ್ನ 90 ಡಿಗ್ರಿ ಅಂತರದಲ್ಲಿ ಒಂದೇ ಉಪವಾಹಕದ ಮೇಲೆ ಕೂರಿಸಿದರು. ಆ ವೆಕ್ಟರಿನ ಉದ್ದ ಬಣ್ಣದ ಗಾಢತೆ, ಕೋನ ಯಾವ ಬಣ್ಣ ಅನ್ನೋದು. ಉಪವಾಹಕ 3.58 ಮೆಗಾಹರ್ಟ್ಸ್. ಅದು ಧ್ವನಿಯ ವಾಹಕದ ಜೊತೆ ತಿಕ್ಕಾಡಬಾರದು ಅಂತ ಫ್ರೇಮ್ ದರವನ್ನ 30ರಿಂದ ಒಂದು ಸಾವಿರಾಂಶ ಇಳಿಸಿ 29.97 ಮಾಡಿದರು. ಇವತ್ತಿಗೂ ಎಡಿಟಿಂಗ್ ಸಾಫ್ಟ್‌ವೇರ್ ತೆರೆದಾಗ ಕಾಣೋ ಆ ವಿಚಿತ್ರ ಸಂಖ್ಯೆ ಹುಟ್ಟಿದ್ದು ಹೀಗೆ.

ತೊಂದರೆ ಎಲ್ಲಿ ಬಂತು? ಕೋನವೇ ಬಣ್ಣ ಅಂದ ಮೇಲೆ, ದಾರಿಯಲ್ಲಿ ಕೋನ ಸ್ವಲ್ಪ ತಿರುಗಿದರೆ ಬಣ್ಣವೇ ಬೇರೆ. ಆಂಪ್ಲಿಫೈಯರ್, ಉದ್ದ ಕೇಬಲ್, ಬೆಟ್ಟಕ್ಕೆ ಬಡಿದು ವಾಪಸ್ ಬಂದ ಅಲೆ, ಯಾವುದು ಬೇಕಾದರೂ ಫೇಸ್ ತಿರುಗಿಸುತ್ತೆ. ವಾರ್ತೆ ಓದೋರ ಮುಖ ಒಂದು ಚಾನೆಲ್‌ನಲ್ಲಿ ಹಸಿರು, ಇನ್ನೊಂದರಲ್ಲಿ ನೇರಳೆ. ಅಮೆರಿಕದ ಸೆಟ್‌ಗಳಲ್ಲಿ ಇದಕ್ಕಾಗೇ ಒಂದು ತಿರುಗಣೆ ಇರ್ತಿತ್ತು, ನೋಡೋರೇ ತಿರುಗಿಸಿ ಮುಖದ ಬಣ್ಣ ಸರಿಮಾಡಿಕೊಳ್ಳಬೇಕು.

ಹ್ಯಾನೋವರ್‌ನಲ್ಲಿ ಬ್ರುಖ್ ತಂಡ ಎನ್‌ಟಿಎಸ್‌ಸಿಯನ್ನೂ, ಫ್ರಾನ್ಸಿನ ಆಂರಿ ದ ಫ್ರಾನ್ಸ್ ಮಾಡಿದ್ದ ಸೆಕಾಮ್ ಅನ್ನೋ ಪದ್ಧತಿಯನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿತು. ಕೊನೆಗೆ ಹೊಳೆದ ಉಪಾಯ ಎಷ್ಟು ಸರಳ ಅಂದ್ರೆ, ನಮ್ಮ ಎರಡನೇ ವರ್ಷದ ಗಣಿತವೇ ಸಾಕು. ಬಣ್ಣದ ಎರಡು ಸಿಗ್ನಲ್‌ನಲ್ಲಿ ಒಂದನ್ನ, ಅದಕ್ಕೆ ವಿ ಅಂತಾರೆ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ತಲೆಕೆಳಗು ಮಾಡಿ ಕಳಿಸೋದು. ಅಂದ್ರೆ ಮೊದಲ ಸಾಲಲ್ಲಿ ಒಂದು ಕಾಂಪ್ಲೆಕ್ಸ್ ಸಂಖ್ಯೆ ಹೋದರೆ ಮುಂದಿನ ಸಾಲಲ್ಲಿ ಅದರ ಕಾಂಜುಗೇಟ್ ಹೋಗುತ್ತೆ. ದಾರಿಯಲ್ಲಿ ಎರಡೂ ಒಂದೇ ಕಡೆಗೆ, ಹತ್ತು ಡಿಗ್ರಿ ಅನ್ನಿ, ತಿರುಗುತ್ತವೆ. ಸೆಟ್ಟಿನೊಳಗೆ ಎರಡನೇ ಸಾಲನ್ನ ಮತ್ತೆ ಕಾಂಜುಗೇಟ್ ಮಾಡಿದಾಗ ಅದರ ತಪ್ಪು ಮೈನಸ್ ಹತ್ತು ಡಿಗ್ರಿ ಆಗಿಬಿಡುತ್ತೆ. ಎರಡನ್ನೂ ಕೂಡಿಸಿ ಅರ್ಧ ಮಾಡಿ. ಕೋನದ ತಪ್ಪು ಸೊನ್ನೆ. ಉಳಿಯೋದು ಮೂಲ ಬಣ್ಣ ಗುಣಿಸು ಕಾಸ್ ಹತ್ತು, ಅಂದ್ರೆ 0.985. ಬಣ್ಣ ಒಂದೂವರೆ ಶೇಕಡಾ ಪೇಲವ ಆಯ್ತು ಅಷ್ಟೇ, ಯಾರ ಕಣ್ಣಿಗೂ ಬೀಳಲ್ಲ. ತಪ್ಪು 20 ಡಿಗ್ರಿ ಇದ್ದರೂ ನಷ್ಟ ಆರು ಶೇಕಡಾ. ಹಸಿರು ಮುಖ ಮಾತ್ರ ಇಲ್ಲ.

ನಮಗೆ ಇದರಲ್ಲಿ ಇಷ್ಟ ಆದದ್ದು ಏನಂದ್ರೆ, ಬ್ರುಖ್ ದಾರಿಯನ್ನ ಸರಿಮಾಡೋಕೆ ಹೋಗಲೇ ಇಲ್ಲ. ಬೆಟ್ಟ ಅಲ್ಲೇ ಇರಲಿ, ಕೇಬಲ್ ಹಾಗೇ ಇರಲಿ, ತಪ್ಪು ಆಗಲಿ. ಒಂದು ತಪ್ಪನ್ನ ಇನ್ನೊಂದು ತಪ್ಪು ತಿನ್ನೋ ಹಾಗೆ ಸಿಗ್ನಲ್ಲನ್ನ ಮೊದಲೇ ಜೋಡಿಸಿ ಕಳಿಸಿದ್ರು. ಸಾಲು ಸಾಲಿಗೆ ಫೇಸ್ ಬದಲಾಗುತ್ತೆ ಅನ್ನೋದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಪಾಲ್.

ಒಂದು ತೊಡಕು ಇತ್ತು. ಎರಡು ಸಾಲನ್ನ ಕೂಡಿಸಬೇಕಾದರೆ ಮೊದಲ ಸಾಲನ್ನ ಎರಡನೆಯದು ಬರೋವರೆಗೆ ಎಲ್ಲಾದರೂ ಹಿಡಿದಿಡಬೇಕು. ಒಂದು ಸಾಲಿನ ಸಮಯ 64 ಮೈಕ್ರೋಸೆಕೆಂಡ್. ಈಗಾದರೆ ಒಂದು ಚೂರು ಮೆಮೊರಿ ಸಾಕು. 1962ರಲ್ಲಿ ಟಿವಿಯೊಳಗೆ ಮೆಮೊರಿ ಎಲ್ಲಿಂದ ಬರಬೇಕು? ಕೇಬಲ್‌ನಲ್ಲಿ ಸುತ್ತಿಸೋಣ ಅಂದ್ರೆ ಲೆಕ್ಕ ಹಾಕಿ ನೋಡಿ, ಹತ್ತು ಹನ್ನೆರಡು ಕಿಲೋಮೀಟರ್ ಕೇಬಲ್ ಬೇಕು. ಪರಿಹಾರ ಒಂದು ಗಾಜಿನ ತುಂಡು. ಬಣ್ಣದ ಸಿಗ್ನಲ್ಲನ್ನ ಪೀಝೋ ಹರಳಿನಿಂದ ಶಬ್ದದ ಅಲೆ ಮಾಡಿ ಗಾಜಿನೊಳಗೆ ಬಿಡೋದು. ಶಬ್ದ ನಿಧಾನ, ಹಾಗಾಗಿ ಒಂದು ಗೇಣಿಗಿಂತ ಕಡಿಮೆ ದಾರಿಯಲ್ಲೇ 64 ಮೈಕ್ರೋಸೆಕೆಂಡ್ ಕಳೆದುಹೋಗುತ್ತೆ. ಆ ಕಡೆ ಇನ್ನೊಂದು ಹರಳು ಅದನ್ನ ಮತ್ತೆ ಕರೆಂಟ್ ಮಾಡುತ್ತೆ. ಮುಂದೆ ಗಾಜಿನೊಳಗೇ ಅಲೆ ಅಲ್ಲಿ ಇಲ್ಲಿ ಬಡಿದು ತಿರುಗೋ ಹಾಗೆ ಮಾಡಿ ತುಂಡನ್ನ ಇನ್ನೂ ಚಿಕ್ಕದು ಮಾಡಿದರು. ಹಳೆ ಕಲರ್ ಟಿವಿ ಬಿಚ್ಚಿದವರು ಸರ್ಕ್ಯೂಟ್ ಬೋರ್ಡಿನಲ್ಲಿ ಬೆಂಕಿಪೊಟ್ಟಣದಂಥ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ ನೋಡಿರಬಹುದು. ಒಳಗಿರೋದು ಅದೇ ಗಾಜು.

ಈ ಗಾಜಿಲ್ಲದೆ ಅಗ್ಗದಲ್ಲೂ ಪಾಲ್ ಸೆಟ್ ಮಾಡಬಹುದಿತ್ತು, ಕೂಡಿಸೋ ಕೆಲಸವನ್ನ ನೋಡೋರ ಕಣ್ಣಿಗೇ ಬಿಟ್ಟು. ಆದರೆ ಫೇಸ್ ತಪ್ಪು ಜಾಸ್ತಿಯಾದರೆ ಸಾಲುಗಳು ಕಿಟಕಿಯ ಪಟ್ಟಿ ಪರದೆಯ ಹಾಗೆ ಎದ್ದು ಕಾಣುತ್ತಿದ್ದವು. ಆ ದೋಷಕ್ಕೆ ಹ್ಯಾನೋವರ್ ಪಟ್ಟಿ ಅಂತಲೇ ಹೆಸರು. ಬ್ರುಖ್ ಊರು ಪಠ್ಯಪುಸ್ತಕ ಸೇರಿದ್ದು ಒಂದು ದೋಷದ ಹೆಸರಾಗಿ.

ಎಲ್ಲವೂ ಬ್ರುಖ್ ತಲೆಯಿಂದಲೇ ಉದುರಿದ್ದಲ್ಲ, ಇದನ್ನೂ ಹೇಳಬೇಕು. ಫೇಸ್ ಅದಲು ಬದಲು ಮಾಡೋ ವಿಚಾರವನ್ನ ಅಮೆರಿಕದ ಹೇಝಲ್‌ಟೈನ್ ಕಂಪನಿಯ ಲಾಫ್ಲಿನ್ 1950ರ ಆಸುಪಾಸಿನಲ್ಲೇ ನೋಡಿದ್ದರು. ಒಂದು ಸಾಲನ್ನ ತಡೆದಿಡುವ ಉಪಾಯ ಸೆಕಾಮ್‌ನಲ್ಲಿತ್ತು. ಎರಡನ್ನೂ ಒಂದೇ ಸೆಟ್ಟಿನಲ್ಲಿ ಸೇರಿಸಿ, ಕೊಳ್ಳೋರಿಗೆ ಎಟುಕೋ ಹಾಗೆ ಓಡಿಸಿ ತೋರಿಸಿದ್ದು ಬ್ರುಖ್. ನಮ್ಮ ಪ್ರಾಜೆಕ್ಟ್ ರಿವ್ಯೂನಲ್ಲಿ ಹೊಸತೇನಿದೆ ಅಂತ ಕೇಳುವ ಮೇಡಂಗೆ ಇಷ್ಟು ಸಾಕಾಗ್ತಿತ್ತೋ ಇಲ್ಲವೋ.

ಪೇಟೆಂಟ್ ಅರ್ಜಿ ಹಾಕಿದ್ದು 1962ರ ಡಿಸೆಂಬರ್ 31ರಂದು. ಊರೆಲ್ಲಾ ಹೊಸ ವರ್ಷದ ಗದ್ದಲದಲ್ಲಿದ್ದ ದಿನ. ಮೂರು ದಿನ ಬಿಟ್ಟು, 1963ರ ಜನವರಿ 3ಕ್ಕೆ, ಹ್ಯಾನೋವರ್‌ಗೆ ಬಂದ ಯುರೋಪಿನ ಪ್ರಸಾರ ಸಂಸ್ಥೆಗಳ ತಜ್ಞರ ಮುಂದೆ ಓಡಿಸಿ ತೋರಿಸಿದರು. ತನ್ನ ಹೆಸರನ್ನೇ ಪದ್ಧತಿಗೆ ಯಾಕೆ ಇಡಲಿಲ್ಲ ಅಂತ ಕೇಳಿದವರಿಗೆ ಬ್ರುಖ್ ನಗುತ್ತಾ ಕೊಡ್ತಿದ್ದ ಉತ್ತರ ಜರ್ಮನಿಯಲ್ಲಿ ಪ್ರಸಿದ್ಧ. ಜರ್ಮನ್ ಭಾಷೆಯಲ್ಲಿ ಬ್ರುಖ್ ಅಂದ್ರೆ ಮುರುಕು ಅಂತ ಅರ್ಥ. ಮುರುಕು ಪದ್ಧತಿ ಅಂತ ಬೋರ್ಡ್ ಹಾಕಿದ ಟಿವಿಯನ್ನ ಯಾರು ತಾನೇ ಕೊಳ್ತಾರೆ?

ಒಳ್ಳೆ ಎಂಜಿನಿಯರಿಂಗ್ ಇದ್ದರೆ ಎಲ್ಲರೂ ಒಪ್ಪುತ್ತಾರೆ ಅಂದುಕೊಂಡರೆ ಅದು ನಮ್ಮ ಭ್ರಮೆ. ಯುರೋಪಿಗೆಲ್ಲಾ ಒಂದೇ ಬಣ್ಣದ ಮಾನಕ ಇರಲಿ ಅಂತ 1965ರಲ್ಲಿ ವಿಯೆನ್ನಾದಲ್ಲಿ, 1966ರಲ್ಲಿ ಓಸ್ಲೋದಲ್ಲಿ ಸಭೆ ಸೇರಿದರು. ಫ್ರಾನ್ಸಿಗೆ ಸೆಕಾಮ್ ರಾಷ್ಟ್ರದ ಮರ್ಯಾದೆಯ ಪ್ರಶ್ನೆ. ವಿಯೆನ್ನಾ ಸಭೆ ಹೊತ್ತಿಗೇ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡುಬಿಟ್ಟಿತ್ತು. ಬ್ರುಖ್ ದೇಶ ದೇಶ ತಿರುಗಿ ತಮ್ಮ ಪೆಟ್ಟಿಗೆ ಓಡಿಸಿ ತೋರಿಸಿದರು. ಕೊನೆಗೆ ಪಶ್ಚಿಮ ಜರ್ಮನಿ, ಬ್ರಿಟನ್ ಮತ್ತು ಅವರ ಸುತ್ತಲಿನ ಬಹಳ ದೇಶಗಳು ಪಾಲ್ ಕಡೆ ಬಂದವು. ಫ್ರಾನ್ಸ್, ರಷ್ಯಾ, ಪೂರ್ವ ಯುರೋಪಿನ ಹೆಚ್ಚಿನ ದೇಶಗಳು ಸೆಕಾಮ್ ಕಡೆ. ಪೂರ್ವ ಜರ್ಮನಿಯೂ ಸೆಕಾಮ್. ಬರ್ಲಿನ್ ನಡುವೆ ಗೋಡೆ ಆಗಲೇ ಎದ್ದಿತ್ತು, ಈಗ ಬಣ್ಣದಲ್ಲೂ ಒಂದು ಗೋಡೆ. ಈ ಕಡೆಯ ಟಿವಿಯನ್ನ ಕದ್ದು ನೋಡುವ ಆ ಕಡೆಯ ಮನೆಯಲ್ಲಿ ಚಿತ್ರ ಬರ್ತಿತ್ತು, ಬಣ್ಣ ಬರ್ತಿರಲಿಲ್ಲ.

ಪಶ್ಚಿಮ ಜರ್ಮನಿಯಲ್ಲಿ ಬಣ್ಣ ಶುರುವಾದದ್ದು 1967ರ ಆಗಸ್ಟ್ 25ಕ್ಕೆ, ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ. ಆಗ ಉಪಪ್ರಧಾನಿಯಾಗಿದ್ದ ವಿಲಿ ಬ್ರಾಂಟ್ ದೊಡ್ಡ ಕೆಂಪು ಗುಂಡಿ ಒತ್ತಬೇಕು, ಒತ್ತಿದ ಕೂಡಲೇ ದೇಶಕ್ಕೆಲ್ಲಾ ಬಣ್ಣ. ಗುಂಡಿ ಬರೀ ಡಮ್ಮಿ. ಒಳಗಿದ್ದ ತಂತ್ರಜ್ಞ ಸ್ವಲ್ಪ ಅವಸರ ಮಾಡಿದ್ದರಿಂದ ಬ್ರಾಂಟ್ ಕೈ ಪೂರ್ತಿ ಒತ್ತುವ ಮೊದಲೇ ಬಣ್ಣ ಬಂದುಬಿಟ್ಟಿತು. ನಮ್ಮ ಟೆಕ್ ಫೆಸ್ಟ್ ಉದ್ಘಾಟನೆಗಳನ್ನ ನೋಡಿದವರಿಗೆ ಇದು ಅಷ್ಟೇನೂ ಅಚ್ಚರಿ ಅನ್ನಿಸಲ್ಲ.

ಟೆಲಿಫುಂಕನ್‌ಗೆ ಪೇಟೆಂಟಿನಿಂದ ಒಳ್ಳೆ ಆದಾಯ ಬಂತು, ಲೈಸೆನ್ಸ್ ಕೊಡೋದನ್ನ ಬಿಗಿಯಾಗಿ ಹಿಡಿದಿತ್ತು. ಸೋನಿಯವರು ತಮ್ಮ ಮೊದಲ ಪಾಲ್ ಟ್ರಿನಿಟ್ರಾನ್ ಸೆಟ್‌ಗಳಲ್ಲಿ ಒಂದು ಕಳ್ಳದಾರಿ ಹುಡುಕಿದರು. ಒಂದು ಸಾಲಿನ ಬಣ್ಣವನ್ನ ಬಿಟ್ಟುಬಿಟ್ಟು, ಹಿಂದಿನ ಸಾಲಿನ ಬಣ್ಣವನ್ನೇ ಎರಡು ಸಲ ಬಳಸೋದು. ಅಂದ್ರೆ ಪಾಲ್ ಸಿಗ್ನಲ್ಲನ್ನ ಎನ್‌ಟಿಎಸ್‌ಸಿ ತರ ಓದೋದು. ಕೂಡಿಸೋದೇ ಇಲ್ಲವಾದ್ದರಿಂದ ಪೇಟೆಂಟ್ ಮುಟ್ಟೋದೂ ಇಲ್ಲ. ಫಲವಾಗಿ ಬಣ್ಣ ತಿರುಗಿಸೋ ಆ ತಿರುಗಣೆ ಮತ್ತೆ ಹಾಜರು.

ಬ್ರುಖ್‌ಗೆ ಗೌರವ ಡಾಕ್ಟರೇಟ್, ಪ್ರೊಫೆಸರ್ ಬಿರುದು ಎಲ್ಲಾ ಬಂದವು. ಜರ್ಮನ್ ಟಿವಿಯ ಇತಿಹಾಸದ ಬಗ್ಗೆ ಪುಸ್ತಕ ಬರೆದರು. ನಿವೃತ್ತಿಯಾದ ಮೇಲೂ ಹ್ಯಾನೋವರ್‌ನಲ್ಲೇ ಇದ್ದರು. ಭಾರತಕ್ಕೆ ಬಣ್ಣ ಬಂದದ್ದು 1982ರಲ್ಲಿ, ದೆಹಲಿ ಏಷ್ಯನ್ ಗೇಮ್ಸ್ ವರ್ಷ. ಬಂದದ್ದು ಪಾಲ್. ನಮ್ಮ ಅಪ್ಪ ಅಮ್ಮಂದಿರು ನೋಡಿದ ಚಿತ್ರಹಾರ, ವಿಶ್ವಕಪ್, ಡಾ. ರಾಜ್‌ಕುಮಾರ್ ಸಿನಿಮಾ ಎಲ್ಲದರ ಬಣ್ಣವೂ ಆ ಕಾಂಜುಗೇಟ್ ಆಟದ ಮೂಲಕವೇ ಮನೆಗೆ ಬಂದದ್ದು.

ಬ್ರುಖ್ ತೀರಿಕೊಂಡದ್ದು 1990ರ ಮೇ 5ಕ್ಕೆ. ಗೋಡೆ ಬಿದ್ದಿತ್ತು, ಎರಡು ಜರ್ಮನಿ ಒಂದಾಗೋಕೆ ಇನ್ನೂ ಐದು ತಿಂಗಳಿತ್ತು. ಆ ಡಿಸೆಂಬರ್‌ನಲ್ಲಿ ಪೂರ್ವ ಜರ್ಮನಿಯ ಪ್ರಸಾರ ಸೆಕಾಮ್ ಬಿಟ್ಟು ಪಾಲ್‌ಗೆ ಬಂತು. ಅದನ್ನ ನೋಡೋಕೆ ಅವರಿರಲಿಲ್ಲ.

ಡಿವಿಡಿಯನ್ನೂ ಅವರು ನೋಡಲಿಲ್ಲ, ಅದು ಬಂದದ್ದು 1996ರಲ್ಲಿ. ಈಗ ಶುರುವಲ್ಲಿ ಬಾಕಿ ಇಟ್ಟ ವಿಷಯ. ಪಾಲ್ ಅಂತ ಬರೆದ ಡಿವಿಡಿಯೊಳಗೆ ಪಾಲ್ ಇಲ್ಲ! ಒಳಗಿರೋದು ಎಂಪೆಗ್-2. ಬಣ್ಣಗಳು ಬೇರೆ ಬೇರೆ ಅಂಕಿಗಳಾಗಿ ಕೂತಿವೆ, ಉಪವಾಹಕ ಇಲ್ಲ, ಫೇಸ್ ಇಲ್ಲ, ತಲೆಕೆಳಗಾದ ಸಾಲಿಲ್ಲ. ಡಿಸ್ಕ್ ಮೇಲಿನ ಪಾಲ್ ಅನ್ನೋದು 720 ಗುಣಿಸು 576, ಸೆಕೆಂಡಿಗೆ 25 ಫ್ರೇಮ್ ಅನ್ನೋದಕ್ಕೆ ಅಡ್ಡಹೆಸರು ಅಷ್ಟೇ. ಎನ್‌ಟಿಎಸ್‌ಸಿ ಅಂದ್ರೆ 720 ಗುಣಿಸು 480, 29.97 ಫ್ರೇಮ್. ಎರಡನ್ನೂ ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿ, ಆ 29.97ನ್ನ 30 ಅಂತ ಹಿಡಿದರೆ ಎರಡಕ್ಕೂ ಸೆಕೆಂಡಿಗೆ ಒಂದೇ ಪಿಕ್ಸೆಲ್ ಸಂಖ್ಯೆ ಬರುತ್ತೆ: 1,03,68,000. ಚಿಪ್ಪಿಗೆ ಎರಡೂ ಒಂದೇ ಭಾರ. ಹೀಗಿದ್ದೂ ಅಮೆರಿಕದ ಎಷ್ಟೋ ಪ್ಲೇಯರ್‌ಗಳು 576 ಸಾಲಿನ ಡಿಸ್ಕನ್ನ ಮುಟ್ಟುತ್ತಿರಲಿಲ್ಲ, ಅಲ್ಲಿಯ ಹಳೆ ಟಿವಿಗಳು 50 ಹರ್ಟ್ಸ್ ಹಿಡಿಯುತ್ತಿರಲಿಲ್ಲ. ಹೊರದೇಶದ ಮಾರುಕಟ್ಟೆ ಬೇಕಲ್ಲ, ಅದಕ್ಕೇ ನಮ್ಮ ದೇಶದ ಎಷ್ಟೋ ಸಿನಿಮಾ ಡಿವಿಡಿಗಳ ಹಿಂದೆ ಎನ್‌ಟಿಎಸ್‌ಸಿ ಅಂತಲೇ ಇರ್ತಿತ್ತು. ನಮ್ಮ ಕಡೆಯ ಪ್ಲೇಯರ್‌ಗಳು ಎರಡನ್ನೂ ಓಡಿಸ್ತಿದ್ದವು. ಬ್ರೆಜಿಲ್‌ನವರಂತೂ 525 ಸಾಲು, 60 ಫೀಲ್ಡ್ ಇಟ್ಕೊಂಡೇ ಬಣ್ಣಕ್ಕೆ ಮಾತ್ರ ಪಾಲ್ ಬಳಸಿದರು. ಸಾಲಿನ ಲೆಕ್ಕಕ್ಕೂ ಬ್ರುಖ್ ಕೆಲಸಕ್ಕೂ ಸಂಬಂಧ ಇಲ್ಲ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾಗಿ ಡಿಸ್ಕ್ ಕನ್ವರ್ಟ್ ಮಾಡುವಾಗ ಕಷ್ಟ ಕೊಡೋದು ಬಣ್ಣ ಅಲ್ಲ, ಸಮಯ. ಸಿನಿಮಾ ಆದರೆ ಸುಲಭ. ಅದು ಮೂಲದಲ್ಲಿ 24 ಫ್ರೇಮ್. ಪಾಲ್ ಡಿಸ್ಕಿಗೆ ಹಾಕುವಾಗ 25ಕ್ಕೆ ಓಡಿಸಿಬಿಡ್ತಾರೆ, 150 ನಿಮಿಷದ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತೆ, ಸರಿಮಾಡದಿದ್ದರೆ ಹಾಡಿನ ಶ್ರುತಿ ಮುಕ್ಕಾಲು ಸ್ವರಸ್ಥಾನದ ಹತ್ತಿರ ಏರುತ್ತೆ. ವಾಪಸ್ ಎನ್‌ಟಿಎಸ್‌ಸಿಗೆ ತರುವಾಗ ವೇಗ ಇಳಿಸಿ, ಒಂದು ಫ್ರೇಮಿಗೆ ಎರಡು ಫೀಲ್ಡ್, ಮುಂದಿನದಕ್ಕೆ ಮೂರು ಅಂತ ಹಂಚಿದರೆ ಆಯ್ತು.

ಮದುವೆ ವಿಡಿಯೋ ಹಾಗಲ್ಲ. ಕ್ಯಾಮ್‌ಕಾರ್ಡರ್ ಸೆಕೆಂಡಿಗೆ 50 ಬೇರೆ ಬೇರೆ ಕ್ಷಣಗಳನ್ನ ಹಿಡಿದಿರುತ್ತೆ, ನಮಗೆ 60 ಬೇಕು. ಇಲ್ಲದ ಹತ್ತನ್ನ ಎಲ್ಲಿಂದ ತರೋದು? ಐದಕ್ಕೊಂದನ್ನ ಎರಡು ಸಲ ತೋರಿಸಿದರೆ ಧಾರೆ ಎರೆಯುವ ಕೈ ಎಡವುತ್ತಾ ಚಲಿಸುತ್ತೆ. ಅಕ್ಕಪಕ್ಕದ ಎರಡನ್ನ ಬೆರೆಸಿದರೆ ಅಕ್ಷತೆಗೆ ದೆವ್ವದ ನೆರಳು ಬರುತ್ತೆ. ಚಲನೆಯನ್ನ ಲೆಕ್ಕ ಹಾಕಿ ನಡುವಿನ ಚಿತ್ರವನ್ನ ಕಟ್ಟಿದರೆ ಚೆನ್ನಾಗಿರುತ್ತೆ, ಆದರೆ ಕಂಪ್ಯೂಟರ್ ಬೆವರುತ್ತೆ. ಎಫ್‌ಎಫ್‌ಎಂಪೆಗ್‌ನಲ್ಲಿ ಮಾಡೋರಿಗೆ ಒಂದು ಮಾತು: ಮೊದಲು ಡೀಇಂಟರ್ಲೇಸ್ ಮಾಡಿ 50 ಪೂರ್ತಿ ಫ್ರೇಮ್ ಪಡೆಯಿರಿ, ಆಮೇಲೆ 576ನ್ನ 480ಕ್ಕೆ ಇಳಿಸಿ, ಆಮೇಲೆ ಫ್ರೇಮ್ ದರ, ಕೊನೆಗೆ ಮತ್ತೆ ಇಂಟರ್ಲೇಸ್. ಇಂಟರ್ಲೇಸ್ ಇರುವಾಗಲೇ ಸಾಲು ಇಳಿಸಿದರೆ ಎರಡು ಕ್ಷಣಗಳು ಕಲಸಿಹೋಗಿ ಮತ್ತೆ ಬಿಡಿಸೋಕೆ ಆಗಲ್ಲ. 1968ರ ಮೆಕ್ಸಿಕೋ ಒಲಿಂಪಿಕ್ಸನ್ನ ಯುರೋಪಿಗೆ ಬಣ್ಣದಲ್ಲಿ ತೋರಿಸೋಕೆ ಬಿಬಿಸಿ ಮಾಡಿದ್ದೂ ಇದೇ ಪರಿವರ್ತನೆ, ಉಲ್ಟಾ ದಿಕ್ಕಿನಲ್ಲಿ. ಚಿತ್ರ ಹಿಡಿದಿಡೋಕೆ ಅವರಿಗೂ ಶಬ್ದದ ಅಲೆ ಓಡುವ ಕ್ವಾರ್ಟ್ಜ್ ತುಂಡುಗಳೇ ಗತಿಯಾಗಿದ್ದವು.

ಬ್ರುಖ್ ಕೆಲಸ ಡಿಸ್ಕಿನಲ್ಲಿ ಇಲ್ಲ, ಎಚ್‌ಡಿಎಂಐ ಕೇಬಲ್‌ನಲ್ಲೂ ಇಲ್ಲ. ಅಟ್ಟದ ಮೇಲಿರೋ ಹಳೆ ಪ್ಲೇಯರ್ ಇಳಿಸಿ, ಹಳದಿ ಪಿನ್ನಿನ ವೈರ್ ಚುಚ್ಚಿ ಟಿವಿ ಹಚ್ಚಿದರೆ ಮಾತ್ರ, ಪ್ಲೇಯರ್ ಒಳಗಿನ ಒಂದು ಚಿಪ್ ಆ ಅಂಕಿಗಳನ್ನ ಮತ್ತೆ 4.43 ಮೆಗಾಹರ್ಟ್ಸ್ ಉಪವಾಹಕದ ಮೇಲೆ ಕೂರಿಸಿ, ಒಂದು ಸಾಲು ನೇರ, ಒಂದು ಸಾಲು ತಲೆಕೆಳಗು ಮಾಡಿ ಕಳಿಸುತ್ತೆ. ಲ್ಯಾಬಿನ ಆಸಿಲೋಸ್ಕೋಪ್ ಬಿಡುವಿದ್ದಾಗ ಆ ಹಳದಿ ವೈರಿಗೆ ಪ್ರೋಬ್ ಹಚ್ಚಿ, ಪ್ರತಿ ಸಾಲಿನ ಶುರುವಲ್ಲಿ ಬರುವ ಬಣ್ಣದ ಬರ್ಸ್ಟ್ ನೋಡಿ. ಅದರ ಫೇಸ್ ಒಂದು ಸಾಲಿಗೆ ಆ ಕಡೆ, ಮುಂದಿನ ಸಾಲಿಗೆ ಈ ಕಡೆ ವಾಲುತ್ತಿರುತ್ತೆ.